ಎಳೆಗೂಸಿನ ತೊಡೆಯ ಗಂಟು

ಯಾದಗಿರಿ ಸೀಮೆಯಲ್ಲಿ ಆರು ವಾರದ ಕೂಸಿಗೆ ಐದು ರೋಗಗಳ ವಿರುದ್ಧದ ಪೆಂಟಾ ಸೂಜಿ ಮಾಡಿಸಿದ ರಾತ್ರಿ ಏಳುವ ದೂರು ಒಂದೇ: ಚೊಲೊ ಇದ್ದ ಕೂಸಿಗೆ ಜ್ವರ ತಂದಿಟ್ರು. ತೊಡೆಯಲ್ಲಿ ಗಂಟು ಕೈಗೆ ಹತ್ತಿದರಂತೂ ಹತ್ತನೇ ವಾರದ ಡೋಸಿಗೆ ಅಜ್ಜಿಯೇ ಅಡ್ಡ. "ಜ್ವರ ಎರಡ್ ದಿನದಾಗ ಇಳೀತದ" ಎನ್ನುತ್ತಾಳೆ ಆಶಾ ಕಾರ್ಯಕರ್ತೆ. ಮಾತು ಖರೆ, ಆದರೆ ಅರ್ಧ. ಲಸಿಕೆ ತಪ್ಪಿದ ಮಕ್ಕಳಿಗಾಗಿ ನಡೆದ 2014ರ ಇಂದ್ರಧನುಷ್ ಅಭಿಯಾನದ ಮೊದಲ ಪಟ್ಟಿಯಲ್ಲೇ ಇದ್ದ ಜಿಲ್ಲೆಯಿದು. ಇಲ್ಲಿ ಉಳಿದರ್ಧವನ್ನೂ ತಾಯಂದಿರಿಗೆ ಹೇಳಬೇಕಿತ್ತು.

ಪೆಂಟಾದೊಳಗಿನ ಗಂಟಲಮಾರಿ, ಧನುರ್ವಾಯುಗಳ ಲಸಿಕೆಯೆಂದರೆ ನಂಜು ಕಳೆದ ಪ್ರೋಟೀನು. ಅದೊಂದೇ ಒಳಹೊಕ್ಕರೆ ಮೈ ಅಷ್ಟಾಗಿ ಎಚ್ಚರಗೊಳ್ಳುವುದಿಲ್ಲ. ಎಳೆಗೂಸಿನ ಮೈಯಂತೂ ತಾಯ ಗರ್ಭದಲ್ಲಿ ಜಗಳವಾಡದೆ ಇರಲು ಕಲಿತು ಬಂದದ್ದು. ಅದು ತಯಾರಿಸುವ ಪ್ರತಿಕಾಯಗಳು ಕಡಿಮೆ, ಬೇಗ ಇಳಿಯುತ್ತವೆ ಕೂಡ. 1926ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನ್ನಿ ಇಂಥ ಪ್ರೋಟೀನನ್ನು ಪಟಿಕದೊಂದಿಗೆ ಬೆರೆಸಿ ಗಿನಿಯಿಲಿಗಳಿಗೆ ಚುಚ್ಚಿದಾಗ ಪ್ರತಿಕಾಯಗಳು ಹೆಚ್ಚಿದವು. ಇಂದಿನ ಪೆಂಟಾದಲ್ಲೂ ಪಟಿಕದಂಥ ಅಲ್ಯೂಮಿನಿಯಂ ಲವಣವೇ ಅಡ್ಜುವೆಂಟ್, ಅಂದರೆ ಮೈಯನ್ನು ಎಚ್ಚರಿಸುವ ಸಹಾಯಕ. ಅದು ಚುಚ್ಚಿದಲ್ಲಿ ಸಣ್ಣ ಉರಿಯೂತ ಎಬ್ಬಿಸುತ್ತದೆ. ಓಡಿಬಂದ ಕಾವಲು ಕಣಗಳು ಪ್ರೋಟೀನನ್ನು ತೊಡೆಸಂದಿನ ಹಾಲ್ರಸ ಗ್ರಂಥಿಗೆ ಒಯ್ಯುತ್ತವೆ. ಗಂಟು ಈ ಗದ್ದಲದ ಗುರುತು. ಗಂಟು ಬಾರದ ಕೂಸಿಗೂ ರಕ್ಷಣೆ ಸಿಗುತ್ತದೆ, ಅದು ಬೇರೆ ಮಾತು.

ಜ್ವರದ ಮೂಲ ಹೆಚ್ಚಾಗಿ ಪೆಂಟಾದ ನಾಯಿಕೆಮ್ಮಿನ ಭಾಗದಲ್ಲಿದೆ. ಸತ್ತ ಇಡೀ ಬ್ಯಾಕ್ಟೀರಿಯಾ ಅಲ್ಲಿರುತ್ತದೆ, ಅದರ ಹೊರಪದರವೇ ಇನ್ನೊಂದು ಅಡ್ಜುವೆಂಟ್. ಪಟಿಕ ಎಬ್ಬಿಸಲಾರದ ಬಗೆಯ ಕಾವಲು ಕಣಗಳನ್ನೂ ಇದು ಎಬ್ಬಿಸುತ್ತದೆ. ಅಮೆರಿಕ, ಯುರೋಪಿನ ಹಲವು ದೇಶಗಳು 1990ರ ದಶಕದಲ್ಲಿ ಜ್ವರಕ್ಕಂಜಿ ಬ್ಯಾಕ್ಟೀರಿಯಾದ ತುಣುಕುಗಳ ಲಸಿಕೆಗೆ ಹೊರಳಿದವು. ಜ್ವರ ಇಳಿಯಿತು, ರಕ್ಷಣೆಯೂ ಬೇಗ ಕರಗಿತು, ನಾಯಿಕೆಮ್ಮು ಮರಳಿತು. ನಮ್ಮ ಸರ್ಕಾರಿ ಲಸಿಕೆ ಹಳೆಯದನ್ನೇ ಉಳಿಸಿಕೊಂಡದ್ದು ಬಡತನದಿಂದಷ್ಟೇ ಎಂದು ಮೂಗು ಮುರಿಯುವವರಿಗೆ ಇದು ಗೊತ್ತಿರಲಿ.

ಇನ್ನು ಲಸಿಕೆ ಕೆಡದೆ ಕೂಸಿಗೆ ತಲುಪಬೇಕಲ್ಲ, ನಮ್ಮ ಬಿಸಿಲು ಬೇರೆ. ಸುರಪುರದ ದೊಡ್ಡಿ, ಶಹಾಪುರದ ತಾಂಡಾಗಳಿಗೆ ಲಸಿಕೆ ಪೆಟ್ಟಿಗೆ ಹೊರಟಾಗ ಎಲ್ಲರ ಚಿಂತೆ ಸೆಕೆಯದು. ಪೆಂಟಾಕ್ಕೆ ಅದಕ್ಕಿಂತ ದೊಡ್ಡ ವೈರಿ ಮಂಜುಗಡ್ಡೆ. ಪೋಲಿಯೊ ಹನಿ ಹೆಪ್ಪುಗಟ್ಟಿದರೂ ಕೆಡದು. ಪಟಿಕದ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಲವಣದ ಕಣಗಳು ಮುದ್ದೆಯಾಗಿ ತಳ ಹಿಡಿಯುತ್ತವೆ, ಕರಗಿಸಿದರೂ ಮೊದಲಿನಂತಾಗವು. ಚುಚ್ಚಿದರೆ ನೋವಷ್ಟೇ ಲಾಭ ಎನ್ನುವಂತಾದೀತು. ಹಾಗಾಗಿ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಪೆಟ್ಟಿಗೆಗೆ ಹಾಕುವಂತಿಲ್ಲ. ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಡಬೇಕು. ಸೀಸೆಯ ಮೇಲೆ ಅನುಮಾನ ಬಂದರೆ ಹೆಪ್ಪುಗಟ್ಟಿ ಕರಗಿದ್ದು ಖಚಿತವಿರುವ ಇನ್ನೊಂದರ ಜೊತೆ ಕುಲುಕಿ, ಎರಡನ್ನೂ ಇಟ್ಟು, ಯಾವುದು ಬೇಗ ತಳ ಸೇರುತ್ತದೆಂದು ನೋಡುತ್ತಾರೆ. ಎರಡೂ ಒಂದೇ ವೇಗದಲ್ಲಿ ಇಳಿದರೆ ಅನುಮಾನದ ಸೀಸೆ ಕೂಸಿಗಲ್ಲ.