ಬಣ್ಣ ಬಳಿದರೆ ಹೊಗೆ ಹೋಗುವುದಿಲ್ಲ

ಎರಡು ವರ್ಷಗಳ ಹಿಂದೆ ಬೇಸಿಗೆಯಲ್ಲಿ ನಾವು ಒಂದು ಹಳೆಯ ಮನೆಯನ್ನು ಖರೀದಿಸಿದೆವು. ಗೋಡೆಗಳಿಗೆ ಆಗಷ್ಟೇ ಬಣ್ಣ ಬಳಿಯಲಾಗಿತ್ತು. ಕಿಟಕಿಗಳೆಲ್ಲ ತೆರೆದಿದ್ದವು. ದೋಷವೇನೂ ಕಾಣಲಿಲ್ಲ. ಮಳೆಗಾಲ ಆರಂಭವಾಗಿ ಕಿಟಕಿಗಳನ್ನು ಮುಚ್ಚಬೇಕಾದಾಗ ನಿಜ ಸಂಗತಿ ಹೊರಬಿತ್ತು. ಮನೆ ತುಂಬ ಹಳಸಿದ ತಂಬಾಕಿನ ವಾಸನೆ. ಸ್ನಾನದ ಕೋಣೆಯ ಬಳಿಯ ಗೋಡೆಯಲ್ಲಿ ಹೊಸ ಬಣ್ಣವನ್ನು ಸೀಳಿಕೊಂಡು ಕಂದು ಕಲೆಗಳು ಮೂಡಿದ್ದವು. ಹಿಂದಿನವರು ವರ್ಷಗಟ್ಟಲೆ ಮನೆಯೊಳಗೇ ಸಿಗರೇಟು ಸೇದುತ್ತಿದ್ದರೆಂದು ನೆರೆಯವರು ತಿಳಿಸಿದರು. ನಮ್ಮ ಮನೆಯಲ್ಲಿ ಆಗ ಅಂಬೆಗಾಲಿಡುವ ಮಗುವಿತ್ತು.

ಹೊಗೆ ಗಾಳಿಯಲ್ಲಿ ಕರಗಿ ಹೋಗುತ್ತದೆಂಬುದು ನಮ್ಮಲ್ಲಿ ಅನೇಕರ ನಂಬಿಕೆ. ವಾಸ್ತವ ಹಾಗಿಲ್ಲ. ಹೊಗೆಯಲ್ಲಿರುವ ನಿಕೋಟಿನ್ ಮತ್ತು ಟಾರ್ ಗೋಡೆ, ಸೀಲಿಂಗ್, ಪರದೆ, ಹಾಸಿಗೆ, ಮರದ ಕಪಾಟುಗಳಲ್ಲಿ ಅಂಟಿ ಉಳಿಯುತ್ತವೆ. ಇದನ್ನು ತಜ್ಞರು ಮೂರನೆಯ ಹಂತದ ಹೊಗೆ ಎಂದು ಕರೆಯುತ್ತಾರೆ. ಹೀಗೆ ಉಳಿದ ನಿಕೋಟಿನ್ ಮನೆಯ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಂದಿಗೆ ಸೇರಿ ಕ್ಯಾನ್ಸರ್‌ಕಾರಕ ವಸ್ತುಗಳಾಗಿ ಮಾರ್ಪಡುತ್ತದೆಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು 2010ರಲ್ಲಿ ತೋರಿಸಿಕೊಟ್ಟರು. ಧೂಮಪಾನಿಗಳು ಮನೆ ಖಾಲಿ ಮಾಡಿ ಎರಡು ತಿಂಗಳಾದ ಬಳಿಕವೂ ಅಲ್ಲಿ ನಿಕೋಟಿನ್ ಉಳಿದಿರುತ್ತದೆಂದು ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಕಂಡುಕೊಂಡರು. ನೆಲದಲ್ಲಿ ತೆವಳುವ, ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಮಕ್ಕಳೇ ಇದಕ್ಕೆ ಮೊದಲು ಗುರಿಯಾಗುವವರು.

ನಾವು ದುರಸ್ತಿಯನ್ನು ಮೊದಲಿನಿಂದ ಆರಂಭಿಸಿದೆವು. ಹಳೆಯ ಪರದೆಗಳನ್ನೂ ಹಿಂದಿನವರು ಬಿಟ್ಟುಹೋಗಿದ್ದ ಹಾಸಿಗೆಯನ್ನೂ ಹೊರಹಾಕಿದೆವು. ಮೇಲಿನ ಸಡಿಲ ಬಣ್ಣವನ್ನು ಕೆರೆಸಿ, ಕೈಗವಸು ಧರಿಸಿ, ಬಿಸಿನೀರಿಗೆ ವಾಷಿಂಗ್ ಸೋಡಾ ಬೆರೆಸಿ ಸೀಲಿಂಗನ್ನೂ ಗೋಡೆಗಳನ್ನೂ ಒರೆಸಿದೆವು. ಬಕೆಟ್ಟಿನ ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಒರೆಸಿ, ಒಣಗಲು ಬಿಟ್ಟು, ಕಲೆ ತಡೆಯುವ ಪ್ರೈಮರ್ ಬಳಿಸಿ, ಆಮೇಲಷ್ಟೇ ಬಣ್ಣ ಹಚ್ಚಿಸಿದೆವು. ಫ್ಯಾನಿನ ರೆಕ್ಕೆ, ಸ್ವಿಚ್ ಬೋರ್ಡು, ಕಪಾಟಿನ ಒಳಮೈ, ಬಾಗಿಲಿನ ಮೇಲಂಚು ಯಾವುದನ್ನೂ ಬಿಡುವಂತಿರಲಿಲ್ಲ. ತೊಳೆಯದೆ ಬಣ್ಣ ಬಳಿಯುವುದೆಂದರೆ ಗಾಯವನ್ನು ಶುಚಿಗೊಳಿಸದೆ ಪಟ್ಟಿ ಕಟ್ಟಿದಂತೆ. ಊದುಬತ್ತಿ, ಸುಗಂಧಗಳು ಮೂಗನ್ನು ಮರುಳು ಮಾಡಬಲ್ಲವೇ ಹೊರತು ಗೋಡೆಯನ್ನು ಶುದ್ಧಗೊಳಿಸಲಾರವು. ಅಷ್ಟಾದರೂ ಒಂದು ಮರದ ಕಪಾಟಿನ ವಾಸನೆ ಹೋಗಲೇ ಇಲ್ಲ. ಕೊನೆಗೆ ಅದನ್ನು ಕಿತ್ತು ತೆಗೆಸಬೇಕಾಯಿತು.

ಇಲ್ಲಿ ನಮ್ಮನ್ನು ಕಾಡುವುದು ಖರ್ಚಿನ ಪ್ರಶ್ನೆಯೊಂದೇ ಅಲ್ಲ. ಸೇದಿದವರು ಯಾರೋ, ಅದರ ಪರಿಣಾಮವನ್ನು ಅನುಭವಿಸುವವರು ಇನ್ನಾರೋ. ಇದು ಯಾವ ನ್ಯಾಯ? ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 2003ರಲ್ಲೇ ಬಂದಿದೆ. ಆದರೆ ಅದು ಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಹೊಸ್ತಿಲಿನ ಒಳಗೆ ಕಾಯಬೇಕಾದುದು ಮನಸ್ಸಾಕ್ಷಿ ಮಾತ್ರ. "ನನ್ನ ಮನೆ, ನನ್ನ ಇಷ್ಟ" ಎನ್ನುವವರು ಒಂದನ್ನು ಮರೆಯುತ್ತಾರೆ. ಮನೆ ಇಂದು ಅವರದು, ನಾಳೆ ಇನ್ನೊಬ್ಬರದು. ಆ ಗೋಡೆಗಳ ನಡುವೆ ಅವರದೇ ಮಡದಿ ಮಕ್ಕಳೂ ಉಸಿರಾಡುತ್ತಿರುತ್ತಾರೆ.

ಮಾರುವವರ ಮತ್ತು ಬಾಡಿಗೆಗೆ ಕೊಡುವವರ ಹೊಣೆಯೂ ಕಡಿಮೆಯದಲ್ಲ. ನೀರು ಸೋರುವುದನ್ನು, ಗೆದ್ದಲು ಹಿಡಿದಿರುವುದನ್ನು ಮರೆಮಾಚಿ ಮಾರುವುದು ವಂಚನೆಯೆಂದು ನಾವೆಲ್ಲ ಒಪ್ಪುತ್ತೇವೆ. ಹೊಗೆ ಹೀರಿದ ಗೋಡೆಯನ್ನು ಬಣ್ಣದಿಂದ ಮುಚ್ಚುವುದು ಅದಕ್ಕಿಂತ ಹೇಗೆ ಭಿನ್ನ? ಒಂದು ಮಾತು ಮೊದಲೇ ಹೇಳಿದ್ದರೆ ನಾವು ಬೆಲೆಯಲ್ಲಿ ಚೌಕಾಶಿ ಮಾಡುತ್ತಿದ್ದೆವೇನೋ, ಆದರೆ ಮಗುವನ್ನು ಆ ನೆಲದಲ್ಲಿ ಬಿಡುತ್ತಿರಲಿಲ್ಲ. ಕೊಳ್ಳುವವರೂ "ಈ ಮನೆಯೊಳಗೆ ಯಾರಾದರೂ ಸೇದುತ್ತಿದ್ದರೇ?" ಎಂದು ಸಂಕೋಚವಿಲ್ಲದೆ ಕೇಳಬೇಕು.

ಮನೆ ಬಿಟ್ಟು ಹೋಗುವಾಗ ನಾವು ಮುಂದಿನವರಿಗೆ ಕೀಲಿಕೈಯನ್ನು ಮಾತ್ರ ಕೊಡುವುದಿಲ್ಲ; ಅಲ್ಲಿ ಬದುಕಿದ ರೀತಿಯನ್ನೂ ಕೊಟ್ಟು ಹೋಗುತ್ತೇವೆ. ಅದು ಇನ್ನೊಂದು ಮಗುವಿನ ಉಸಿರಿಗೆ ಹೊರೆಯಾಗದಿರಲಿ.