ಧಾರವಾಡಕ್ಕೆ ಹೋದ ಹುಡುಗ

ಯಲ್ಲಾಪುರದ ಕಡೆ 'ಧಾರವಾಡಕ್ಕೆ ಹೋದ' ಎಂಬ ಮಾತಿಗೆ ಎರಡು ಅರ್ಥಗಳುಂಟು. ತಲೆಯೆತ್ತಿ ಹೇಳಿದರೆ, ೧೯೪೯ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಓದಲು ಹೋದನೆಂದು ತಿಳಿಯಬೇಕು. ದನಿ ತಗ್ಗಿಸಿ ಹೇಳಿದರೆ, ಅಲ್ಲಿಯ ಮಾನಸಿಕ ಆಸ್ಪತ್ರೆಗೆ ಹೋದನೆಂದು. ಊರೊಂದೇ, ದಾರಿಯೊಂದೇ, ಹತ್ತುವ ಬಸ್ಸೂ ಒಂದೇ. ಬೇರೆಯಾಗುವುದು ನಮ್ಮ ದನಿ ಮಾತ್ರ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಎರಡೂ ಅರ್ಥಗಳಲ್ಲಿ ಧಾರವಾಡಕ್ಕೆ ಹೋದವನು. ಅಡಿಕೆ ತೋಟದ ಮನೆಯ ಹುಡುಗ, ಬುದ್ಧಿವಂತ. ಎಂ.ಎ. ಎರಡನೆಯ ವರ್ಷದಲ್ಲಿ ಅವನಿಗೆ ನಿದ್ರೆ ದೂರವಾಯಿತು, ಊಟ ಸೇರದಾಯಿತು. ಪುಸ್ತಕ ತೆರೆದರೆ ಒಂದೇ ಪುಟದ ಮೇಲೆ ಗಂಟೆಗಟ್ಟಲೆ ಕಣ್ಣು ನಿಂತುಬಿಡುತ್ತಿತ್ತು. ರಜೆಯಲ್ಲಿ ನನ್ನ ಬಳಿ ಬಂದು ಇದನ್ನೆಲ್ಲ ಹೇಳಿಕೊಂಡಾಗ ನಾನು ಕೊಟ್ಟದ್ದು ಉಪದೇಶ: "ಮನಸ್ಸು ಗಟ್ಟಿ ಮಾಡಿಕೊ." ಕಾಲು ಮುರಿದವನಿಗೆ ಎದ್ದು ಓಡೆಂದಂತಾಯಿತು! "ಆಗಲಿ ಸರ್" ಎಂದು ಅವನು ತಲೆ ತಗ್ಗಿಸಿ ಹೊರಟುಹೋದ.

ಅವನನ್ನು ವೈದ್ಯರಲ್ಲಿಗೆ ಕರೆದೊಯ್ದವನು ಹಾಸ್ಟೆಲಿನ ಕೋಣೆಯ ಗೆಳೆಯ. ಆ ಗೆಳೆಯನ ಸೋದರಮಾವನಿಗೆ ಹಿಂದೆ ಇದೇ ಕಾಯಿಲೆ ಬಂದು ವಾಸಿಯಾಗಿತ್ತು. ಅವರ ಮನೆಯಲ್ಲಿ ಅದನ್ನು ಮುಚ್ಚಿಟ್ಟಿರಲಿಲ್ಲ. ಆದುದರಿಂದಲೇ ಗುರುತು ಹತ್ತಿತು.

ವಿಷಯ ತಿಳಿದು ನಾನು ಹುಡುಗನ ಮನೆಗೆ ಹೋದಾಗ ತಂದೆ ಜಗಲಿಯಲ್ಲೇ ತಡೆದು ಹೇಳಿದರು: "ಮಾಸ್ತರೇ, ಊರವರಿಗೆ ಕಾಮಾಲೆ ಎಂದು ಹೇಳಿದ್ದೇವೆ. ಮಗಳ ಮದುವೆ ಆಗಬೇಕಲ್ಲ." ಅವರು ಕಠಿಣ ಹೃದಯದವರಲ್ಲ, ಕೊಯ್ಲಿನ ಕೆಲಸ ಬಿಟ್ಟು ಪ್ರತಿ ಸಲವೂ ಮಗನ ಜೊತೆ ಆಸ್ಪತ್ರೆಗೆ ಹೋದವರು. ಅವರು ಹೆದರಿದ್ದು ರೋಗಕ್ಕಲ್ಲ, ನಮ್ಮ ನಿಮ್ಮ ನಾಲಗೆಗೆ.

ಯಕೃತ್ತು ಕೆಟ್ಟರೆ ಮಾನ ಹೋಗದು, ಮನಸ್ಸು ಬಳಲಿದರೆ ಹೋಗುವುದೆ? ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಆರೈಕೆಯ ವಿಷಯದಲ್ಲಿ ಎರಡು ಬಗೆಯ ರೋಗಿಗಳನ್ನೂ ಸಮಾನವಾಗಿ ಕಾಣಬೇಕೆನ್ನುತ್ತದೆ; ರೋಗಿಯ ವಿಷಯವನ್ನು ಗುಟ್ಟಾಗಿಡುವ ಹೊಣೆಯನ್ನು ಚಿಕಿತ್ಸಕರಿಗೆ ವಹಿಸಿದೆ. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರು ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೫ರ ಜುಲೈಯಲ್ಲಿ ಸೂಚಿಸಿತು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಿ ಕನ್ನಡದಲ್ಲಿಯೇ ಕಷ್ಟ ಹೇಳಿಕೊಳ್ಳಬಹುದು, ಹಣ ಕೊಡಬೇಕಾಗಿಲ್ಲ. ಆದರೆ ಕಾಯಿದೆಯಾಗಲಿ ದೂರವಾಣಿಯಾಗಲಿ ಜಗಲಿಯ ಮಾತನ್ನು ತಿದ್ದಲಾರವು. ಇಂದಿನ ವಿದ್ಯಾರ್ಥಿಗಳು ಅಂಕವೆರಡು ಕಡಿಮೆಯಾದರೂ 'ಡಿಪ್ರೆಶನ್' ಎಂದು ನಗುತ್ತ ಹೇಳುತ್ತಾರೆ. ನಿಜವಾಗಿ ಅದು ಬಂದಾಗ ಬಾಯಿ ಕಟ್ಟುತ್ತದೆ. ಮನೆಯಲ್ಲಿ ಕಲಿತ ಮೌನ ಹಾಸ್ಟೆಲಿಗೂ ಹಿಂಬಾಲಿಸುತ್ತದೆ.

ಹುಡುಗ ವರ್ಷವೊಂದು ತಡವಾಗಿ ಪರೀಕ್ಷೆ ಮುಗಿಸಿದ. ಈಚೆಗೆ ನೆರೆಯವರೊಬ್ಬರು ಅವನನ್ನು ಹುಡುಕಿಕೊಂಡು ಬಂದರಂತೆ. "ತಮ್ಮಾ, ನಮ್ಮ ಹುಡುಗನಿಗೂ ಊಟ ಬೇಡ, ನಿದ್ರೆಯಿಲ್ಲ, ಮೂಲೆ ಹಿಡಿದಿದ್ದಾನೆ. ನಿನ್ನ ಕಾಮಾಲೆಗೆ ಔಷಧ ಕೊಟ್ಟವರು ಯಾರು?"

ಹುಡುಗ ತಂದೆಯ ಮುಖ ನೋಡಿದ. ಮನೆಯ ಮಾನ ಕಾಯಲೆಂದು ಹೇಳಿದ ಸುಳ್ಳು ಇನ್ನೊಬ್ಬರ ಮಗನ ದಾರಿಗೆ ಅಡ್ಡ ನಿಂತಿತ್ತು. ತಂದೆ ಕವಳದ ತಟ್ಟೆ ಬದಿಗಿಟ್ಟು, ದನಿ ತಗ್ಗಿಸದೆ ಹೇಳಿದರು:

"ಅದು ಕಾಮಾಲೆಯಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೊರಡಿ. ಧಾರವಾಡಕ್ಕೆ ನಾನೂ ಬರುತ್ತೇನೆ."