ಕೊಟ್ಟ ಮಾತೂ ಸಂಬಂಧವೇ

ರಕ್ತಸಂಬಂಧವಿಲ್ಲದ, ಮದುವೆಯ ನಂಟೂ ಇಲ್ಲದ ಇಬ್ಬರು ಸಾಯುವತನಕ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆಂದು ಮಾತು ಕೊಟ್ಟರೆ ಅದು ಕುಟುಂಬವಾಗದು, ಅವರಿಗಾಗಿ ಸಭೆ ಪ್ರಾರ್ಥಿಸಲೂ ಬಾರದು ಎಂದು ನಮ್ಮ ಕೆಲವು ಹಿರಿಯರು ಪಟ್ಟು ಹಿಡಿದಿದ್ದಾರೆ. ಅವರ ಭಕ್ತಿಯನ್ನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ.

ಕುಟುಂಬ ದೇವರು ಕೊಡುವಂಥದ್ದು, ಮನುಷ್ಯ ಆರಿಸಿಕೊಳ್ಳುವುದಲ್ಲ ಎನ್ನುತ್ತಾರೆ. ಹಾಗಾದರೆ ಬೈಬಲಿನ ರೂತಳನ್ನು ಏನು ಮಾಡೋಣ? ಅವಳ ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ತವರಿಗೆ ಹೋಗು ಎಂದು ಅತ್ತೆ ನೊವೊಮಿಯೇ ಬಿಟ್ಟುಕೊಟ್ಟಿದ್ದಳು. ಓರಗಿತ್ತಿ ಒರ್ಫಾ ಅತ್ತು, ಮುದ್ದಿಟ್ಟು ಹೊರಟುಹೋದಳು. ಗ್ರಂಥ ಅವಳ ಮೇಲೆ ಒಂದು ತಪ್ಪನ್ನೂ ಹೊರಿಸುವುದಿಲ್ಲ. ಅಂದರೆ ಸೊಸೆಯ ಕರ್ತವ್ಯ ಅಲ್ಲಿಗೆ ತೀರಿತ್ತು. ಸಾಯುವತನಕ ಅತ್ತೆಯನ್ನು ಬಿಡೆನೆಂದು ರೂತಳು ಆಣೆಯಿಟ್ಟದ್ದು ಆಮೇಲೆ. ಮೋವಾಬ್ಯರು ಯೆಹೋವನ ಸಭೆಗೆ ಸೇರಕೂಡದೆಂದು ಧರ್ಮೋಪದೇಶಕಾಂಡದಲ್ಲಿದೆ. ಆ ಮೋವಾಬ್ಯಳ ಹೆಸರನ್ನೇ ಮತ್ತಾಯನು ಯೇಸುವಿನ ವಂಶಾವಳಿಯಲ್ಲಿ ಬರೆದ. ಆರಿಸಿಕೊಂಡವಳು ಅವಳೇ, ನಿಜ. ಆದರೆ ಆ ಸಂಬಂಧ ದೇವರು ಕೊಟ್ಟದ್ದಲ್ಲ ಎನ್ನಲು ನನಗಂತೂ ಬಾಯಿ ಬಾರದು.

ಇದೆಲ್ಲ ಪಶ್ಚಿಮದ ಗಾಳಿ ಎಂಬ ಮಾತನ್ನು ಮಂಗಳೂರಿನವರ ಬಾಯಲ್ಲಿ ಕೇಳಿದಾಗ ನೋವಾಗುತ್ತದೆ. 1834ರಲ್ಲಿ ಬಾಸೆಲ್ ಮಿಶನ್ ಬಂತು. 1844ರಲ್ಲಿ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದ. ಆ ಕಾಲದಲ್ಲಿ ದೀಕ್ಷಾಸ್ನಾನವೆಂದರೆ ಎಷ್ಟೋ ಜನರಿಗೆ ಮನೆಬಾಗಿಲು ಮುಚ್ಚಿದಂತೆ, ಕಸುಬೂ ಕೈಬಿಟ್ಟಂತೆ. ಮಿಶನ್ನಿನ ನೇಯ್ಗೆ, ಹೆಂಚಿನ ಕಾರ್ಖಾನೆಗಳು ಹುಟ್ಟಲು ಅದೂ ಒಂದು ಕಾರಣ. ಅಂಥವರ ಹೆಣಕ್ಕೆ ಹೆಗಲು ಕೊಟ್ಟವರು, ಅವರ ಮಕ್ಕಳಿಗೆ ಸಂಬಂಧ ಕುದುರಿಸಿದವರು ಯಾರು? ನಿನ್ನೆಯವರೆಗೂ ಬೇರೆ ಜಾತಿಯವರಾಗಿದ್ದ ಸಭೆಯ ಜನ. ನಮ್ಮ ಹಿರೀಕರು ಹೀಗೆ ಒಬ್ಬರನ್ನೊಬ್ಬರು ಆರಿಸಿಕೊಂಡದ್ದರಿಂದಲೇ ಇಂದು ನಾವು ಒಂದು ಸಮುದಾಯವಾಗಿದ್ದೇವೆ.

ಮದುವೆಯ ಪಾವಿತ್ರ್ಯ ಕುಂದುತ್ತದೆಯೇ? ಯೇಸುವಿಗೆ ಸಹೋದರರಿದ್ದರೆಂದು ಸುವಾರ್ತೆಗಳೇ ಹೇಳುತ್ತವೆ. ಆದರೂ ಶಿಲುಬೆಯ ಮೇಲಿಂದ ತಾಯಿಯನ್ನು ಒಪ್ಪಿಸಿದ್ದು ಶಿಷ್ಯನಿಗೆ. ಅದರಿಂದ ಯಾರ ಮದುವೆಯೂ ಕುಂದಲಿಲ್ಲ.

ಆರಿಸಿಕೊಂಡದ್ದನ್ನು ಬೇಡವೆಂದಾಗ ಬಿಡಲೂಬಹುದಲ್ಲ ಎಂಬ ಕೊನೆಯ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೇ ನಾಲ್ಕು ಜನರ ಮುಂದೆ, ದೇವರ ಮುಂದೆ ಮಾತು ಕೊಡಬೇಕೆನ್ನುವುದು. ನಮ್ಮಲ್ಲಿ ಇಬ್ಬರು ನಿವೃತ್ತ ನರ್ಸುಗಳು ಬಹುಕಾಲದಿಂದ ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದಾರೆ. ಒಬ್ಬರು ಬಿದ್ದು ಸೊಂಟ ಮುರಿದುಕೊಂಡಾಗ ಆಸ್ಪತ್ರೆಯ ಫಾರ್ಮಿನಲ್ಲಿ 'ರೋಗಿಗೆ ಏನಾಗಬೇಕು' ಎಂಬ ಜಾಗಕ್ಕೆ ಬಂದು ಇನ್ನೊಬ್ಬರ ಪೆನ್ನು ನಿಂತಿತು. ಕೌಂಟರಿನವರು ಸ್ವಂತದವರನ್ನು ಕರೆಸಿ ಎಂದರು. ರಾತ್ರಿಯಿಡೀ ಪಕ್ಕದಲ್ಲಿ ಕೂತು ಬೆಡ್‌ಪ್ಯಾನ್ ಇಟ್ಟು ತೆಗೆದದ್ದು ಮಾತ್ರ ಇವರೇ. ಇವರ ಮಾತು ಮುರಿದೀತೆಂದು ಅಂಜುವವರು ಅದನ್ನು ಗಟ್ಟಿಮಾಡಲು ಕೈಹಾಕಬೇಕು.

ಪ್ರಾರ್ಥನೆಯೊಂದೇ ಸಾಲದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲು ಬರೆಯದೆ ತೀರಿಕೊಂಡರೆ, ಮದುವೆಯಾಗದವರ ಆಸ್ತಿ ರಕ್ತಸಂಬಂಧಿಗಳಿಗೆ ಹೋಗುತ್ತದೆ; ಜೊತೆಗಿದ್ದವರಿಗೆ ಏನೂ ಇಲ್ಲ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಒಂದು ಸಹಿ ನಾನು ಹಾಕುತ್ತೇನೆ. ಇನ್ನೊಂದನ್ನು ಆಕ್ಷೇಪ ಎತ್ತಿದ ಹಿರಿಯರಲ್ಲೊಬ್ಬರು ಹಾಕಬೇಕೆಂದು ಕೈಮುಗಿದು ಕೇಳುತ್ತೇನೆ.